ಭೂಕಂಪಕ್ಕೆ ಸಡಿಲ, ಗಾಳಿಗೆ ಬಿಗಿ: ಒಂದು ಆಸ್ಪತ್ರೆ ಕಟ್ಟಡದ ಪ್ರಕರಣ

ಈ ಕಟ್ಟಡ ಇರುವುದು ಈಶಾನ್ಯ ಭಾರತದ ಒಂದು ಊರಿನಲ್ಲಿ. ಅದರ ಇಂಜಿನಿಯರಿಂಗ್ ಲೆಕ್ಕ ಹಾಕಿದ್ದು ಬೆಂಗಳೂರಿನ ಜಯನಗರದಲ್ಲಿರುವ ನಮ್ಮ ಆಫೀಸಿನಲ್ಲಿ. ಊರು, ಆಸ್ಪತ್ರೆ, ಜೊತೆಗೆ ಕೆಲಸ ಮಾಡಿದವರ ಹೆಸರು ಯಾವುದನ್ನೂ ಇಲ್ಲಿ ಬರೆದಿಲ್ಲ. ಅಳತೆಗಳನ್ನು ಸ್ವಲ್ಪ ರೌಂಡ್ ಮಾಡಿದ್ದೇನೆ. ಆದರೆ ನಾವು ಎಡವಿದ್ದು ಎಲ್ಲಿ, ಮತ್ತೆ ಸರಿಮಾಡಿಕೊಂಡದ್ದು ಹೇಗೆ ಅನ್ನುವುದನ್ನು ನಡೆದ ಹಾಗೆಯೇ ಹೇಳುತ್ತೇನೆ. ಬೇಸ್ ಐಸೊಲೇಷನ್, ಅಂದರೆ ಭೂಕಂಪದ ಕುಲುಕಾಟ ತಟ್ಟದಂತೆ ಕಟ್ಟಡವನ್ನು ಮೆತ್ತನೆ ಬೇರಿಂಗ್‌ಗಳ ಮೇಲೆ ಕೂರಿಸುವ ಕೆಲಸ, ಈಗ ನಮ್ಮ ಕಡೆಯ ಸಣ್ಣ ಆಫೀಸುಗಳಿಗೂ ಬರುತ್ತಿದೆ. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಹಿನ್ನೆಲೆ

ಎಂಟು ಮಹಡಿಯ ಆಸ್ಪತ್ರೆ. ಉದ್ದ 60 ಮೀಟರ್, ಅಗಲ 22 ಮೀಟರ್, ಎತ್ತರ 30 ಮೀಟರ್. ನಾವು ಲೆಕ್ಕ ಹಾಕಿದಾಗ ಜಾಗ ಭೂಕಂಪದ ಅಪಾಯ ತೀವ್ರವಾಗಿರುವ ವಲಯ 5ರಲ್ಲಿತ್ತು. ದೊಡ್ಡ ಭೂಕಂಪ ಆದ ಮರುಗಳಿಗೆಯಲ್ಲೂ ಆಪರೇಷನ್ ಥಿಯೇಟರ್ ನಡೆಯಬೇಕು ಅನ್ನುವುದು ಆಸ್ಪತ್ರೆಯವರ ಬೇಡಿಕೆ. ಕಟ್ಟಡ ನಿಂತಿದ್ದರೆ ಸಾಲದು, ಕೆಲಸ ಮಾಡುತ್ತಿರಬೇಕು. 2001ರ ಭೂಕಂಪದ ನಂತರ ಭುಜ್‌ನಲ್ಲಿ ಮತ್ತೆ ಕಟ್ಟಿದ ಜಿಲ್ಲಾ ಆಸ್ಪತ್ರೆಗೆ ಬೇಸ್ ಐಸೊಲೇಷನ್ ಹಾಕಿದ್ದನ್ನು ಅವರು ಕೇಳಿ ತಿಳಿದಿದ್ದರು. ನಮಗೂ ಅದೇ ಬೇಕು ಅಂದರು.

ಈ ವ್ಯವಸ್ಥೆ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಬಿಎಂಟಿಸಿ ಬಸ್ಸಿನಲ್ಲಿ ನಿಂತು ಹೋಗುವಾಗ ಮಂಡಿ ಸ್ವಲ್ಪ ಸಡಿಲ ಬಿಟ್ಟು ನಿಂತರೆ ಬಸ್ಸಿನ ಕುಲುಕಾಟ ಮೈಗೆ ತಟ್ಟುವುದಿಲ್ಲ. ಕಾಲ ಕೆಳಗಿನ ನೆಲ ಆ ಕಡೆ ಈ ಕಡೆ ಹೋಗುತ್ತೆ, ತಲೆ ಇದ್ದಲ್ಲೇ ಇರುತ್ತೆ. ಬೇಸ್ ಐಸೊಲೇಷನ್ ಮಾಡುವುದೂ ಅದನ್ನೇ. ಅಡಿಪಾಯಕ್ಕೂ ಕಟ್ಟಡಕ್ಕೂ ನಡುವೆ, ಒಂದೊಂದು ಕಾಲಂ ಕೆಳಗೂ, ರಬ್ಬರ್ ಮತ್ತು ಉಕ್ಕಿನ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದ ಬೇರಿಂಗ್ ಇಡುತ್ತಾರೆ. ಅದು ಮೇಲಿನ ಭಾರಕ್ಕೆ ಗಟ್ಟಿ, ಅಡ್ಡ ಸರಿಯುವುದಕ್ಕೆ ಮೆತ್ತಗೆ.

ಈಗ ಅದೇ ಬಸ್ಸಿನಲ್ಲಿ ಪಕ್ಕದವರು ಭುಜಕ್ಕೆ ತಳ್ಳಿದರು ಅಂದುಕೊಳ್ಳಿ. ಸಡಿಲ ಬಿಟ್ಟ ಮಂಡಿಯೇ ಆಗ ನಮ್ಮನ್ನು ಬೀಳಿಸುತ್ತೆ, ಅಲ್ವಾ? ಗಾಳಿ ಅಂದರೆ ಆ ಭುಜಕ್ಕೆ ಬೀಳುವ ತಳ್ಳು. ಭೂಕಂಪದ ಬಲ ಕೆಳಗಿನಿಂದ ಬರುವುದರಿಂದ ಅದನ್ನು ದಾರಿಯಲ್ಲೇ ತಡೆಯಬಹುದು. ಗಾಳಿ ನೇರವಾಗಿ ಗೋಡೆಗೇ ಬಡಿಯುತ್ತೆ. ಅದನ್ನು ನೆಲಕ್ಕೆ ಮುಟ್ಟಿಸುವ ಕೆಲಸ ಅದೇ ಮೆತ್ತನೆ ಬೇರಿಂಗ್‌ಗಳ ಮೇಲೇ ಬೀಳುತ್ತೆ.

ಅದಕ್ಕೆಂದೇ ಬೇರಿಂಗ್ ನಡುವೆ ಸೀಸದ ದಿಂಡು ತುಂಬಿಸುವ ಪದ್ಧತಿ ಬಂತು. ನ್ಯೂಜಿಲೆಂಡಿನ ಬಿಲ್ ರಾಬಿನ್ಸನ್ 1970ರ ದಶಕದಲ್ಲಿ ಇದನ್ನು ರೂಪಿಸಿದರು. ಕಟ್ಟಡಗಳ ಪೈಕಿ ವೆಲಿಂಗ್ಟನ್‌ನ ವಿಲಿಯಂ ಕ್ಲೇಟನ್ ಕಟ್ಟಡಕ್ಕೆ ಮೊದಲು ಬಳಸಿದರು. ಸೀಸ ಒಂದು ಮಟ್ಟದವರೆಗೆ ಗಟ್ಟಿಯಾಗಿ ಹಿಡಿದು ನಿಲ್ಲುತ್ತೆ. ಗಾಳಿಗೂ ಸಣ್ಣ ನಡುಕಕ್ಕೂ ಕಟ್ಟಡ ಅಲ್ಲಾಡದ ಹಾಗೆ ನೋಡಿಕೊಳ್ಳುವುದು ಆ ಗಟ್ಟಿತನ. ದೊಡ್ಡ ಭೂಕಂಪ ಬಂದಾಗ ಸೀಸ ಮಣಿಯುತ್ತೆ, ಬೇರಿಂಗ್ ಸಡಿಲಾಗುತ್ತೆ, ಸೀಸದ ಹಿಂದೆ ಮುಂದೆ ಮಣಿತದಲ್ಲೇ ಭೂಕಂಪದ ಶಕ್ತಿ ಶಾಖವಾಗಿ ಕರಗುತ್ತೆ. ಬೇರೆ ಲೋಹ ಹೀಗೆ ಮತ್ತೆ ಮತ್ತೆ ಮಣಿದರೆ ಬೇಗ ಸುಸ್ತಾಗುತ್ತೆ. ಸೀಸ ಸಾಮಾನ್ಯ ಉಷ್ಣಾಂಶದಲ್ಲೇ ತನ್ನ ಹರಳುಗಳನ್ನು ಮತ್ತೆ ಕಟ್ಟಿಕೊಂಡು ಮೊದಲಿನಂತಾಗುತ್ತೆ.

ನಮ್ಮ ಮೊದಲ ವಿನ್ಯಾಸದಲ್ಲಿ 36 ಕಾಲಂಗಳಿಗೆ 36 ಬೇರಿಂಗ್ ಇದ್ದವು. ಅದರಲ್ಲಿ 16ಕ್ಕೆ ಮಾತ್ರ ಸೀಸ, ಉಳಿದ 20 ಬರೀ ರಬ್ಬರ್. ಕಟ್ಟಡದ ತೂಕ ಸುಮಾರು 1,40,000 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಅಂದರೆ ಸುಮಾರು 100 ಕಿಲೋ ಭಾರ). ಎಲ್ಲ ಸೀಸ ಸೇರಿ ಹಿಡಿಯುವ ಬಲ ಅದರ ಶೇಕಡಾ 3, ಅಂದರೆ 4,200 ಕಿಲೋನ್ಯೂಟನ್. ಸೀಸ ಕಡಿಮೆ ಇದ್ದಷ್ಟೂ ಸಣ್ಣ ಭೂಕಂಪದಲ್ಲೂ ಕಟ್ಟಡ ಬೇಗ ಸಡಿಲಾಗುತ್ತೆ, ಒಳಗಿನ ಉಪಕರಣಗಳಿಗೆ ಕುಲುಕಾಟ ಕಡಿಮೆ. ಆಸ್ಪತ್ರೆಗೆ ಇದೇ ಒಳ್ಳೆಯದು ಅಂತ ನಾವು ನಂಬಿದ್ದೆವು.

ಸಮಸ್ಯೆ

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮಗೆ ಗಾಳಿಯ ಬಗ್ಗೆ ಒಂದು ಅಭ್ಯಾಸ ಬೆಳೆದುಬಿಟ್ಟಿದೆ. ಗಾಳಿಯ ಬಲಕ್ಕೆ ಇರುವ ಭಾರತೀಯ ಕೋಡ್ ಐಎಸ್ 875ರ ಮೂರನೇ ಭಾಗದ ಪ್ರಕಾರ ನಮ್ಮೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ದೇಶದ ಪಟ್ಟಿಯಲ್ಲಿ ಅದೇ ಅತಿ ಕಡಿಮೆ. ಏಳೆಂಟು ಮಹಡಿಯ ಕಟ್ಟಡಕ್ಕೆ ಗಾಳಿ ಲೆಕ್ಕ ಹಾಕುವುದು ಹೆಚ್ಚುಕಡಿಮೆ ರಿಪೋರ್ಟಿನ ಒಂದು ಪುಟ ತುಂಬಿಸುವುದಕ್ಕೆ. ಆದರೆ ಈ ಜಾಗದ ವೇಗ 50. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 33 ಎಲ್ಲಿ, 50 ಎಲ್ಲಿ? ಒತ್ತಡ ಎರಡೂಕಾಲು ಪಟ್ಟಿಗಿಂತ ಜಾಸ್ತಿ.

ಅದನ್ನು ನಾವು ಮರೆತಿರಲಿಲ್ಲ. 60 ಮೀಟರ್ ಉದ್ದದ ಗೋಡೆಗೆ ಗಾಳಿ ಬಡಿದರೆ ಒಟ್ಟು ಬಲ ಸುಮಾರು 3,800 ಕಿಲೋನ್ಯೂಟನ್ ಅಂತ ಲೆಕ್ಕ ಬಂದಿತ್ತು. ವಿನ್ಯಾಸದ ಭೂಕಂಪದಲ್ಲಿ ಬೇರಿಂಗ್‌ಗಳ ಮೂಲಕ ಮೇಲೆ ಬರುವ ಬಲ ಸುಮಾರು 20,000. ಗಾಳಿ ಅದರ ಐದನೇ ಒಂದು ಪಾಲು. 'ಗಾಳಿ ನಿರ್ಣಾಯಕವಲ್ಲ' ಅಂತ ಬರೆದು ಮುಂದೆ ಹೋದೆವು.

ರಿವ್ಯೂಗೆ ಕಳಿಸುವ ರಿಪೋರ್ಟನ್ನು ನಮ್ಮ ಆಫೀಸಿನ ಒಬ್ಬಳು ಕಿರಿಯ ಇಂಜಿನಿಯರ್ ಜೋಡಿಸುತ್ತಿದ್ದಳು. ಅವತ್ತು ಮೇ ತಿಂಗಳ ಸಂಜೆ, ಹೊರಗೆ ಮಳೆ ಬರುವ ಮುಂಚಿನ ಗಾಳಿ. ನಮ್ಮ ರಸ್ತೆಯಲ್ಲಿ ಒಂದು ಗುಲ್‌ಮೊಹರ್ ಕೊಂಬೆ ಮುರಿದು ಕಾರಿನ ಮೇಲೆ ಬಿದ್ದಿತ್ತು. ಎಲ್ಲರೂ ಕಿಟಕಿ ಹತ್ತಿರ ನಿಂತಿದ್ದೆವು. ಅವಳು ಮಾತ್ರ ಎದ್ದಿರಲಿಲ್ಲ.

"ಸರ್, ಗಾಳಿ ಲೆಕ್ಕದಲ್ಲಿ ಆವರ್ತನ 1.7 ಹರ್ಟ್ಜ್ ಅಂತ ಇದೆ. ಇದು ಎಲ್ಲಿಂದ ಬಂತು?"

"ಕೋಡ್ ಸೂತ್ರದಿಂದ ಕಣಮ್ಮಾ. 0.09 ಗುಣಿಸು ಎತ್ತರ, ಭಾಗಿಸು ಅಗಲದ ವರ್ಗಮೂಲ. ಅದು ಕಟ್ಟಡ ಒಂದು ಸಲ ತೂಗುವ ಸಮಯ. ಒಂದನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 1.7 ಸಲ."

"ಅದು ನೆಲಕ್ಕೆ ಕಚ್ಚಿಕೊಂಡ ಕಟ್ಟಡದ ಸೂತ್ರ ಅಲ್ವಾ ಸರ್? ನಮ್ಮದು ರಬ್ಬರ್ ಮೇಲೆ ಕೂತಿದೆಯಲ್ಲ."

ನಾನು ಬಂದು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಮಾತು ಸರಿಯಾಗಿತ್ತು. ಐಎಸ್ 875ರ ಪ್ರಕಾರ ಕಟ್ಟಡದ ಎತ್ತರ ಅದರ ಕಿರಿ ಅಗಲದ ಐದು ಪಟ್ಟಿಗಿಂತ ಜಾಸ್ತಿ ಇದ್ದರೆ, ಅಥವಾ ಮೊದಲ ಆವರ್ತನ 1 ಹರ್ಟ್ಜ್‌ಗಿಂತ ಕಡಿಮೆ ಇದ್ದರೆ, ಗಾಳಿಯ ಡೈನಮಿಕ್ ಪರಿಣಾಮ, ಅಂದರೆ ಬೀಸಿಗೆ ಕಟ್ಟಡ ತೂಗಿ ಹೆಚ್ಚುವ ಬಲ, ನೋಡಲೇಬೇಕು. ನಮ್ಮದು ಗಿಡ್ಡ ಕಟ್ಟಡ, 30 ಭಾಗಿಸು 22 ಅಂದರೆ ಒಂದೂವರೆಯೂ ಇಲ್ಲ. ಹಾಗಾಗಿ ಮೊದಲ ನಿಯಮ ನೋಡಿ ಸಮಾಧಾನ ಪಟ್ಟಿದ್ದೆವು. ಎರಡನೆಯದಕ್ಕೆ ಹಳೆ ಸ್ಪ್ರೆಡ್‌ಶೀಟ್ ತನ್ನಷ್ಟಕ್ಕೆ 1.7 ತುಂಬಿಸಿ ಪಾಸ್ ಮಾಡಿತ್ತು.

ಬೇರಿಂಗ್ ಸೇರಿಸಿ ಲೆಕ್ಕ ಹಾಕಿದೆವು. ಸೀಸ ಇನ್ನೂ ಮಣಿಯದೆ ಗಟ್ಟಿ ಇದ್ದಾಗಲೇ ಆವರ್ತನ 0.9ಕ್ಕೆ ಇಳಿಯಿತು. ಸೀಸ ಮಣಿದ ಮೇಲಂತೂ ಕಟ್ಟಡ ಒಂದು ಸಲ ತೂಗುವುದಕ್ಕೆ ಸುಮಾರು 3 ಸೆಕೆಂಡು, ಅಂದರೆ 0.33 ಹರ್ಟ್ಜ್. ಗಾಳಿಯ ಬೀಸಿನಲ್ಲಿ ಶಕ್ತಿ ಇರುವುದು ಇಂಥ ನಿಧಾನದ ಆವರ್ತನಗಳ ಕಡೆಗೇ. ಭೂಕಂಪದಿಂದ ತಪ್ಪಿಸಿಕೊಳ್ಳಲು ಕಟ್ಟಡವನ್ನು ನಿಧಾನ ಮಾಡಿದಷ್ಟೂ ಅದನ್ನು ಗಾಳಿಯ ಹತ್ತಿರಕ್ಕೆ ಒಯ್ದ ಹಾಗಾಯಿತು. ಗಸ್ಟ್ ಅಂದರೆ ಬೀಸಿನ ಏರಿಳಿತವನ್ನೂ ಹಿಡಿಯುವ ಗಸ್ಟ್ ಫ್ಯಾಕ್ಟರ್ ವಿಧಾನದಲ್ಲಿ ಮತ್ತೆ ಲೆಕ್ಕ ಮಾಡಿದಾಗ 3,800 ಇದ್ದದ್ದು 4,600 ಆಯಿತು.

ಆಗಲೂ ನಮ್ಮಲ್ಲಿ ಒಬ್ಬರು, ಪರವಾಗಿಲ್ಲ ಬಿಡಿ, ರಬ್ಬರಿನ ಪಾಲೂ ಸೇರಿ ಸೀಸ ಪೂರ್ತಿ ಮಣಿಯಲು 4,660 ಬೇಕು, ಇನ್ನೂ ಒಳಗೇ ಇದ್ದೇವೆ ಅಂದರು. ಲೆಕ್ಕದ ಮಟ್ಟಿಗೆ ಅದೂ ನಿಜ. ಆದರೆ ಬೇರಿಂಗ್ ಕಾರ್ಖಾನೆಯಿಂದ ಬಂದಾಗ ಸೀಸದ ಬಲ ಕಾಗದದಲ್ಲಿ ಇರುವಷ್ಟೇ ಇರುವುದಿಲ್ಲ. ತಯಾರಿಕೆಯ ಹೆಚ್ಚುಕಡಿಮೆಗೆ ಮೇಲಿನ ಮಿತಿ, ಕೆಳಗಿನ ಮಿತಿ ಅಂತ ಎರಡು ಇಟ್ಟುಕೊಳ್ಳುತ್ತೇವೆ. ಭೂಕಂಪದ ಲೆಕ್ಕದಲ್ಲಿ ಎರಡನ್ನೂ ತಪ್ಪದೆ ನೋಡಿದ್ದೆವು. ಗಾಳಿಗೆ ನೋಡಿರಲಿಲ್ಲ. ಕೆಳಗಿನ ಮಿತಿ ಶೇಕಡಾ 85 ಅಂತ ಹಿಡಿದರೆ ಸೀಸದ ಬಲ 3,570ಕ್ಕೆ ಇಳಿಯುತ್ತೆ.

ಒಂದೊಂದನ್ನೇ ನೋಡಿದರೆ ಎರಡೂ ಪಾಸು. ಗಸ್ಟ್ ಜಾಸ್ತಿಯಾದರೂ ಸೀಸ ಪೂರ್ತಿ ಇದ್ದರೆ ಕಟ್ಟಡ ಸರಿಯುವುದು 7 ಮಿಲಿಮೀಟರ್ ಚಿಲ್ಲರೆ. ಸೀಸ ಕಡಿಮೆಯಾದರೂ ಹಳೆಯ 3,800ಕ್ಕೆ 6 ಮಿಲಿಮೀಟರ್. ಎರಡೂ ಒಟ್ಟಿಗೆ ಬಂದರೆ 16 ಮಿಲಿಮೀಟರ್. ಸೀಸ ಮಣಿದಾಗಿದೆ, ಪ್ರತಿ ಬೀಸಿಗೂ ಇಡೀ ಆಸ್ಪತ್ರೆ ರಬ್ಬರ್ ಮೇಲೆ ತೇಲುತ್ತಿದೆ. ಅಮೆರಿಕದ ಎಎಸ್‌ಸಿಇ 7 ನಿಯಮ, ಗಾಳಿಗೆ ಐಸೊಲೇಷನ್ ಮಟ್ಟದಲ್ಲಿ ಆಗುವ ಸರಿತ (ಪಕ್ಕಕ್ಕೆ ಸರಿಯುವ ದೂರ) ಮೇಲಿನ ಒಂದು ಮಹಡಿಗೆ ಒಪ್ಪುವ ಸರಿತವನ್ನು ದಾಟಬಾರದು ಅನ್ನುತ್ತೆ. ನಾವು ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡೆವು. ಮಹಡಿ ಎತ್ತರ 3.75 ಮೀಟರ್, ಅದರ ಐನೂರನೇ ಒಂದು ಪಾಲು 7.5 ಮಿಲಿಮೀಟರ್. ನಮ್ಮದು ಅದರ ಎರಡು ಪಟ್ಟು ದಾಟಿತ್ತು.

ನಮ್ಮ ತಪ್ಪು ಎಲ್ಲಿ ಅಂತ ಅವತ್ತು ರಾತ್ರಿ ನನಗೆ ಸ್ಪಷ್ಟವಾಯಿತು. ಗಾಳಿಯ ಬಲವನ್ನು ಭೂಕಂಪದ ಬಲದ ಜೊತೆ ಹೋಲಿಸಿದ್ದೆವು. ಹೋಲಿಸಬೇಕಾಗಿದ್ದದ್ದು ಸೀಸದ ಬಲದ ಜೊತೆ. ಇಪ್ಪತ್ತು ಸಾವಿರದ ಮುಂದೆ ನಾಲ್ಕು ಸಾವಿರ ಸಣ್ಣದು. ನಾಲ್ಕು ಸಾವಿರದ ಮುಂದೆ ನಾಲ್ಕು ಸಾವಿರ ಸಣ್ಣದಲ್ಲ.

ಏನೇನು ಪ್ರಯತ್ನಿಸಿದೆವು

ಮೊದಲು ಬಂದ ಸಲಹೆ ನನಗೆ ಇಷ್ಟವಾಗಲಿಲ್ಲ, ಆದರೂ ಹೇಳಬೇಕು. ಜಾಗವನ್ನು ನಾವು ಟೆರೇನ್ ಕೆಟಗರಿ 2 ಅಂತ ಹಿಡಿದಿದ್ದೆವು, ಅಂದರೆ ಹೆಚ್ಚುಕಡಿಮೆ ಬಯಲು. ಅದನ್ನು 3 ಅಂತ ಬದಲಿಸಿದರೆ, ಅಂದರೆ ಸುತ್ತ ಮನೆ ಮರ ಒತ್ತಾಗಿವೆ ಅಂತ ಹೇಳಿದರೆ, ಗಾಳಿ ತಾನಾಗಿ ಇಳಿಯುತ್ತೆ. ಮೂರು ದಿಕ್ಕಿಗೆ ಅದು ಒಪ್ಪುವ ಮಾತೂ ಹೌದು. ಆದರೆ ಉದ್ದನೆಯ ಗೋಡೆ ನೋಡುತ್ತಿದ್ದದ್ದು ನಾಲ್ಕನೇ ದಿಕ್ಕಿಗೆ, ನದಿಯ ಕಡೆಗೆ. ಅಲ್ಲಿ ನೀರು, ಮರಳು ಬಿಟ್ಟರೆ ಏನೂ ಇಲ್ಲ. ಉತ್ತರ ಬೇಕು ಅಂತ ಪ್ರಶ್ನೆ ತಿದ್ದುವುದು ಬೇಡ ಅಂದೆ. ಕೆಟಗರಿ 2 ಹಾಗೇ ಉಳಿಯಿತು.

ಡ್ಯಾಂಪರ್ ಹಾಕೋಣ ಅನ್ನುವುದು ಎರಡನೇ ಸಲಹೆ. ಎಣ್ಣೆ ತುಂಬಿದ ವಿಸ್ಕಸ್ ಡ್ಯಾಂಪರ್. ಕೇಳಿದರೆ ಸರಿಯೆನಿಸುತ್ತೆ. ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ನೆನಪಿಸಿಕೊಳ್ಳಿ. ಅದರಲ್ಲಿ ಸ್ಪ್ರಿಂಗ್ ಬೇರೆ, ಒಳಗಿನ ಎಣ್ಣೆಯ ಕೊಳವೆ ಬೇರೆ. ಹಿಂದೆ ಒಬ್ಬರು ಕೂತರೆ ಅವರ ಭಾರ ಹೊರುವುದು ಸ್ಪ್ರಿಂಗ್. ಎಣ್ಣೆ ಮಾತ್ರ ಇದ್ದಿದ್ದರೆ ಬೈಕು ನಿಧಾನವಾಗಿ ಕುಸಿದು ತಳಕ್ಕೆ ಕೂರುತ್ತಿತ್ತು. ಡ್ಯಾಂಪರ್ ವೇಗವನ್ನು ತಡೆಯುತ್ತೆ, ಒಂದೇ ಸಮ ತಳ್ಳುವ ಬಲವನ್ನಲ್ಲ. ಗಾಳಿಯಲ್ಲಿ ಸುಮಾರು ಅರ್ಧ ಪಾಲು ಹೀಗೆ ಒಂದೇ ದಿಕ್ಕಿಗೆ, ಗಂಟೆಗಟ್ಟಲೆ ಒತ್ತುವ ಬಲ. ಭೂಕಂಪ ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಮುಗಿಯುತ್ತೆ, ಅದೂ ಎರಡೂ ಕಡೆಗೆ ಸಮನಾಗಿ ಎಳೆದಾಡುತ್ತೆ. ಈ ವ್ಯತ್ಯಾಸ ತಲೆಗೆ ಹೋಗದಿದ್ದರೆ ಡ್ಯಾಂಪರ್ ಮೇಲೆ ಸುಮ್ನೆ ದುಡ್ಡು ಸುರಿಯುತ್ತೇವೆ.

ಮುರಿಯುವ ಪಿನ್ನುಗಳ ಬಗ್ಗೆ ಒಂದು ವಾರ ಚರ್ಚೆ ಮಾಡಿದೆವು. ಗಾಳಿಗೆ ಹಿಡಿದು ನಿಲ್ಲುವ, ಭೂಕಂಪ ಬಂದರೆ ಪಟ್ಟನೆ ತುಂಡಾಗುವ ಉಕ್ಕಿನ ಪಿನ್ನುಗಳು. ಆಗ ಸೀಸ ಕಡಿಮೆ ಇಟ್ಟುಕೊಳ್ಳಬಹುದು. ಆದರೆ ಎಲ್ಲ ಪಿನ್ನೂ ಒಂದೇ ಗಳಿಗೆಯಲ್ಲಿ ಮುರಿಯಬೇಕು. ಒಂದು ಕಡೆ ಮುರಿದು ಇನ್ನೊಂದು ಕಡೆ ಉಳಿದರೆ ಕಟ್ಟಡ ತಿರುಚಿಕೊಳ್ಳುತ್ತೆ. ಮುರಿಯುವ ಹೊಡೆತವೇ ಮೇಲಿನ ಉಪಕರಣಗಳಿಗೆ ತಟ್ಟುತ್ತೆ. ಅದಕ್ಕಿಂತ ಮುಖ್ಯವಾಗಿ, ಆ ಸೀಮೆಯಲ್ಲಿ ಮಧ್ಯಮ ಭೂಕಂಪ ಅಪರೂಪವಲ್ಲ. ಪ್ರತಿ ಸಲ ನೆಲಮಾಳಿಗೆಗೆ ಇಳಿದು ಪಿನ್ ಬದಲಿಸುವವರು ಯಾರು? ಬದಲಿಸುವ ಮುಂಚೆ ಬಿರುಗಾಳಿ ಬಂದರೆ? ಆಸ್ಪತ್ರೆಯ ನಿರ್ವಹಣೆಯವರನ್ನೇ ಕೇಳಿದೆವು. "ಲಿಫ್ಟ್ ಕೆಟ್ಟರೆ ಸರಿ ಮಾಡಿಸೋಕೆ ಮೂರು ದಿನ ಆಗುತ್ತೆ ಸರ್" ಅಂದರು. ಪಿನ್ನಿನ ವಿಷಯ ಅಲ್ಲಿಗೆ ಮುಗಿಯಿತು.

ಘರ್ಷಣೆಯ ಮೇಲೆ ನಡೆಯುವ ಪೆಂಡುಲಮ್ ಬೇರಿಂಗ್ ಒಳ್ಳೆಯ ದಾರಿಯೇ. ಜಾರಲು ಶುರುವಾಗುವ ತನಕ ಅದು ಗಾಳಿಗೆ ಜಗ್ಗುವುದಿಲ್ಲ. ಆದರೆ ಅಷ್ಟರಲ್ಲಿ ಅಡಿಪಾಯದ ಕೆಲಸ ಶುರುವಾಗಿತ್ತು, ಬೇರಿಂಗ್ ಕೂರುವ ಪೆಡೆಸ್ಟಲ್‌ಗಳ ಅಳತೆ ನಿಗದಿಯಾಗಿತ್ತು. ಐಐಎಸ್‌ಸಿಯ ವಿಂಡ್ ಟನಲ್‌ನಲ್ಲಿ ಮಾದರಿ ಇಟ್ಟು ನೋಡುವ ಯೋಚನೆಯೂ ಬಂದು ಹೋಯಿತು. ಇಷ್ಟು ಸರಳ ಆಕಾರದ ಗಿಡ್ಡ ಕಟ್ಟಡಕ್ಕೆ ಅದರಿಂದ ಸಿಗುವುದು ಕಡಿಮೆ ಅನ್ನಿಸಿತು.

ಕೊನೆಗೆ ಒಪ್ಪಿದ ದಾರಿ ಸರಳವಾಗಿತ್ತು. 20 ಬರೀ ರಬ್ಬರ್ ಬೇರಿಂಗ್‌ಗಳಲ್ಲಿ 10ನ್ನು ಅದೇ ಅಳತೆಯ, 200 ಮಿಲಿಮೀಟರ್ ಸೀಸವಿರುವ ಬೇರಿಂಗ್‌ಗಳಾಗಿ ಬದಲಿಸಿದೆವು. ಅವನ್ನು ಕಟ್ಟಡದ ಅಂಚಿನ ಸಾಲಿನಲ್ಲಿ, ಮೂಲೆಗಳ ಕಡೆಗೆ ಇಟ್ಟೆವು. ಗಾಳಿ ಗೋಡೆಯ ಒಂದು ತುದಿಗೆ ಜೋರಾಗಿ ಬಡಿದರೆ ಕಟ್ಟಡ ತಿರುಗಲು ನೋಡುತ್ತೆ, ಆಗ ಅಂಚಿನ ಸೀಸವೇ ತಡೆಯುವುದು. ಸೀಸದ ಒಟ್ಟು ಬಲ 6,800 ಆಯಿತು. ಕೆಳಗಿನ ಮಿತಿಯಲ್ಲೂ 5,780. ಇದರ ಜೊತೆ ಆರ್ಕಿಟೆಕ್ಟ್ ಮೇಡಂ ತಾರಸಿ ಮೇಲಿದ್ದ ಎತ್ತರದ ಜಾಲರಿ ಪರದೆಯನ್ನು ತಾವಾಗಿ ಬಿಟ್ಟುಕೊಟ್ಟರು. ಅದರಿಂದ ಗಾಳಿಯ ಬಲ 4,350ಕ್ಕೆ ಇಳಿಯಿತು. ಸರಿತ 7 ಮಿಲಿಮೀಟರ್‌ಗೆ ಬಂತು.

ಇದಕ್ಕೆ ತೆತ್ತ ಬೆಲೆಯನ್ನು ಮುಚ್ಚಿಡಬಾರದು. ದೊಡ್ಡ ಭೂಕಂಪದಲ್ಲಿ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಬೇರಿಂಗ್ ಸರಿಯುವ ದೂರ 250 ಮಿಲಿಮೀಟರ್‌ನಿಂದ 220ಕ್ಕೆ ಇಳಿಯಿತು, ಬಲ ಅಷ್ಟೇ ಇತ್ತು. ಸಣ್ಣ ಭೂಕಂಪದಲ್ಲಿ ಮಾತ್ರ ಸೀಸ ಮಣಿಯುವುದೇ ಇಲ್ಲ, ಕಟ್ಟಡ ಮಾಮೂಲಿ ಕಟ್ಟಡದ ಹಾಗೇ ಅಲ್ಲಾಡುತ್ತೆ. ಇದನ್ನು ಆಸ್ಪತ್ರೆಯ ವೈದ್ಯರ ಮುಂದೆ ಹೇಳಿದಾಗ ಒಬ್ಬ ಸರ್ಜನ್ ಬೇಸರ ಮಾಡಿಕೊಂಡರು. "ಇಷ್ಟು ಖರ್ಚು ಮಾಡಿ, ಸಣ್ಣ ಭೂಕಂಪಕ್ಕೆ ಕೆಲಸ ಮಾಡಲ್ಲ ಅಂದ್ರೆ ಹೇಗೆ?" ಅವರ ಪ್ರಶ್ನೆ ನ್ಯಾಯವಾದದ್ದು. ಸಣ್ಣ ನಡುಕಕ್ಕೆ ಉಪಕರಣಗಳನ್ನು ನೆಲಕ್ಕೆ, ಗೋಡೆಗೆ ಸರಿಯಾಗಿ ಬಿಗಿದರೆ ಸಾಕು, ಆ ವಿವರಗಳನ್ನು ನಾವೇ ಬರೆದುಕೊಡುತ್ತೇವೆ ಅಂದೆವು. ಬರೆದುಕೊಟ್ಟೆವು. ಆಕ್ಸಿಜನ್ ಪೈಪಿನ ಕ್ಲಾಂಪಿನಿಂದ ಹಿಡಿದು ಔಷಧಿ ಕಪಾಟಿನ ತನಕ.

ಪರೀಕ್ಷೆಯಲ್ಲಿ ಕಂಡದ್ದು

ಎಎಸ್‌ಸಿಇ 7ರಲ್ಲಿ ಮಾದರಿ ಬೇರಿಂಗನ್ನು ಗಾಳಿಯ ಬಲಕ್ಕೆ ಹಿಂದೆ ಮುಂದೆ 20 ಸಲ ಎಳೆದು ನೋಡುವ ಪರೀಕ್ಷೆ ಇದೆ. ನಾವು ಇನ್ನೊಂದನ್ನು ಸೇರಿಸಿ ಕೇಳಿದೆವು: ಗಾಳಿಯ ಸರಾಸರಿ ಬಲದಷ್ಟೇ ಒತ್ತಡ ಹಾಕಿ ಎರಡು ಗಂಟೆ ಹಾಗೇ ಹಿಡಿದಿಡಿ. ಲ್ಯಾಬಿನವರಿಗೆ ಇದು ವಿಚಿತ್ರ ಅನ್ನಿಸಿತು. ಮಷಿನ್ ಎರಡು ಗಂಟೆ ಸುಮ್ಮನೆ ನಿಂತಿರಬೇಕಲ್ಲ.

ನಾನೂ ಆ ಕಿರಿಯ ಇಂಜಿನಿಯರೂ ಡಯಲ್ ಗೇಜ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆವು. ಒತ್ತಡ ಹಾಕಿದ ಕೂಡಲೇ ಮುಳ್ಳು 3.6 ಮಿಲಿಮೀಟರ್‌ಗೆ ಹೋಗಿ ನಿಂತಿತು. ನಿಂತಿತು ಅನ್ನಿಸಿತು, ಅಷ್ಟೇ. ಹತ್ತು ನಿಮಿಷ ಬಿಟ್ಟು ನೋಡಿದರೆ ಎರಡು ಗೆರೆ ಮುಂದಿತ್ತು. ಕಣ್ಣಿಗೆ ಚಲನೆ ಕಾಣುವುದಿಲ್ಲ, ಗಡಿಯಾರದ ಗಂಟೆ ಮುಳ್ಳಿನ ಹಾಗೆ. ಬಲ ಒಂದಿಷ್ಟೂ ಏರಿಲ್ಲ, ಆದರೂ ಸೀಸ ಮೆಲ್ಲಗೆ ಹರಿಯುತ್ತಿದೆ. ಮಣಿಯುವ ಮಟ್ಟಕ್ಕಿಂತ ತುಂಬಾ ಕೆಳಗಿನ ಬಲಕ್ಕೂ, ಸಮಯ ಕೊಟ್ಟರೆ, ಸೀಸ ಜಗ್ಗುತ್ತೆ. ಎರಡು ಗಂಟೆ ಮುಗಿದಾಗ ಮುಳ್ಳು 5ರ ಹತ್ತಿರ ಇತ್ತು. ಅವಳು ಪ್ರತಿ ಐದು ನಿಮಿಷಕ್ಕೆ ಬರೆದುಕೊಂಡ ಅಂಕಿಗಳ ಆ ಹಾಳೆ ಈಗಲೂ ಫೈಲಿನಲ್ಲಿದೆ.

ಸೀಸ ಪೂರ್ತಿ ಕೈಬಿಟ್ಟು ಬರೀ ರಬ್ಬರ್ ಹಿಡಿದರೂ ಸರಾಸರಿ ಗಾಳಿಗೆ 36 ಮಿಲಿಮೀಟರ್ ದಾಟುವುದಿಲ್ಲ ಅನ್ನುವುದು ಲೆಕ್ಕದಿಂದ ಗೊತ್ತಿತ್ತು. ಹಾಗಾಗಿ ಸುರಕ್ಷತೆಗೆ ಭಯವಿರಲಿಲ್ಲ. ಆದರೆ ಬೀಸಿನ 7 ಮಿಲಿಮೀಟರ್ ಮೇಲೆ ಈ ಜಗ್ಗುವಿಕೆ ಸೇರಿದರೆ ನಾವೇ ಹಾಕಿಕೊಂಡ 7.5ರ ಗೆರೆ ದಾಟುತ್ತೆ. ಇನ್ನಷ್ಟು ಸೀಸ ಹಾಕುವುದೋ, ಗೆರೆ ಸರಿಸುವುದೋ? ಬೀಸಿಗೆ 7.5 ಹಾಗೇ ಇರಲಿ, ನಿಧಾನದ ಜಗ್ಗುವಿಕೆಗೆ ಬೇರೆ ಲೆಕ್ಕ ಇಡೋಣ ಅಂತ ತೀರ್ಮಾನಿಸಿದೆವು. ಕಟ್ಟಡದ ಸುತ್ತ ಬಿಟ್ಟ ಸಂದಿನ ಮುಚ್ಚಳ, ನೀರಿನ ಮತ್ತು ಗ್ಯಾಸ್ ಪೈಪಿನ ಬಳುಕುವ ಜೋಡಣೆ, ಮೆಟ್ಟಿಲ ಕೆಳಗಿನ ಜಾರುವ ತುದಿ, ಎಲ್ಲವೂ ದಿನನಿತ್ಯ 15 ಮಿಲಿಮೀಟರ್ ಆಡಿದರೂ ಸವೆಯದಂತೆ ಮಾಡಿಸಿದೆವು. ಈ ಭಾಗಗಳನ್ನು ಸಾಮಾನ್ಯವಾಗಿ ಭೂಕಂಪಕ್ಕೆ ಒಂದು ಸಲ ದೊಡ್ಡದಾಗಿ ಸರಿಯುವ ಲೆಕ್ಕದಲ್ಲಿ ಮಾತ್ರ ಮಾಡುತ್ತಾರೆ. ಗಾಳಿ ಪ್ರತಿ ವರ್ಷ ಬರುತ್ತೆ.

ನಮ್ಮ ಆಫೀಸಿನಲ್ಲಿ ಬದಲಾದದ್ದು

ಹಳೆ ಸ್ಪ್ರೆಡ್‌ಶೀಟಿನಿಂದ ಆ ಸೂತ್ರವನ್ನು ತೆಗೆದುಹಾಕಿದೆವು. ಐಸೊಲೇಷನ್ ಇದ್ದರೆ ಆವರ್ತನವನ್ನು ಬೇರಿಂಗ್ ಸಮೇತ ಮಾಡಿದ ಮಾಡೆಲ್‌ನಿಂದ ಕೈಯಾರೆ ಬರೆಯಬೇಕು, ಖಾಲಿ ಬಿಟ್ಟರೆ ಶೀಟ್ ಮುಂದೆ ಹೋಗುವುದಿಲ್ಲ. ಗಾಳಿಯ ಸರಿತವನ್ನು ಸೀಸದ ಕೆಳಗಿನ ಮಿತಿಯಲ್ಲೇ ನೋಡಬೇಕು. ರಿಪೋರ್ಟಿನ ಮೊದಲ ಪುಟದಲ್ಲೇ ಗಾಳಿಯ ಬಲ, ಸೀಸದ ಬಲ ಎರಡೂ ಅಕ್ಕಪಕ್ಕ ಇರಬೇಕು. ಬೇರಿಂಗ್ ಸಂಖ್ಯೆ ನಿರ್ಧರಿಸುವ ಮೀಟಿಂಗಿಗೆ ಆರ್ಕಿಟೆಕ್ಟ್ ಬರಬೇಕು. ತಾರಸಿಯ ಪರದೆಯ ವಿಷಯ ಮೊದಲೇ ಗೊತ್ತಿದ್ದಿದ್ದರೆ ಅವರು ಅದನ್ನು ಬರೆಯುತ್ತಲೇ ಇರಲಿಲ್ಲ ಅಂತ ಅವರೇ ಹೇಳಿದರು. 2022ರಲ್ಲಿ ಬೇಸ್ ಐಸೊಲೇಷನ್‌ಗೆಂದೇ ಐಎಸ್ 1893ರ ಆರನೇ ಭಾಗ ಬಂದಿದೆ. ಭೂಕಂಪದ ಆ ಪುಸ್ತಕ ಮೇಜಿನ ಮೇಲೆ ತೆರೆದಿರುವಾಗ ಪಕ್ಕದಲ್ಲಿ ಗಾಳಿಯ ಪುಸ್ತಕವೂ ತೆರೆದಿರಲಿ ಅಂತ ಹೊಸಬರಿಗೆ ಹೇಳುತ್ತೇನೆ.

ಆಸ್ಪತ್ರೆ ಈಗ ನಡೆಯುತ್ತಿದೆ. ನೆಲಮಾಳಿಗೆಯ ಒಂದು ಮೂಲೆಯಲ್ಲಿ ಮೇಲಿನ ತೊಲೆಗೆ ಒಂದು ಉಕ್ಕಿನ ಮೊಳೆ ಕಟ್ಟಿದ್ದೇವೆ, ಕೆಳಗೆ ಬಣ್ಣ ಬಳಿದ ತಗಡು. ಕಟ್ಟಡ ಸರಿದರೆ ಮೊಳೆ ತಗಡಿನ ಮೇಲೆ ಗೀರು ಎಳೆಯುತ್ತೆ. ಕರೆಂಟ್ ಬೇಡ, ಸೆನ್ಸರ್ ಬೇಡ. ಏಪ್ರಿಲ್‌ನಲ್ಲಿ ಬಿಹು ಹಬ್ಬದ ಹೊತ್ತಿಗೆ ಆ ಕಡೆ ಬೊರ್ದೊಯಿಸಿಲಾ ಅನ್ನುವ ಬಿರುಗಾಳಿ ಬೀಸುತ್ತೆ. ಮೊದಲ ವರ್ಷದ ಬಿರುಗಾಳಿ ಮುಗಿದ ಮೇಲೆ ಸೈಟ್ ಇಂಜಿನಿಯರ್ ತಗಡಿನ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರು. ಉದ್ದ ಗೋಡೆಗೆ ಅಡ್ಡಲಾಗಿ, ಅಕ್ಕಿ ಕಾಳಿಗಿಂತ ಚಿಕ್ಕದಾದ ಒಂದು ಗೀರು. 3 ಮಿಲಿಮೀಟರ್. ನಮ್ಮ ಆ ಕಿರಿಯ ಇಂಜಿನಿಯರ್ ಫೋಟೋ ದೊಡ್ಡದು ಮಾಡಿ ಗೀರಿನ ಎರಡೂ ತುದಿ ಅಳೆದಳು, ದಿನಾಂಕ ಹಾಕಿ ಫೈಲಿಗೆ ಸೇರಿಸಿದಳು. ಹೊಸ ತಗಡು ಹಾಕಿಸಿ ಅಂತ ಅವರಿಗೆ ಬರೆದಳು.